ನಟನಾ ಶಾಲೆಗೆ ಸೇರುವ ಮುನ್ನ

ಕನ್ನಡ ಚಿತ್ರದ ಅಭಿನಯಕ್ಕಾಗಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದವರನ್ನು ಒಮ್ಮೆ ನೆನೆಯೋಣ. 1975ರ ಸಾಲಿನಲ್ಲಿ ‘ಚೋಮನ ದುಡಿ’ಗೆ ಎಂ.ವಿ. ವಾಸುದೇವರಾವ್, 1986ರ ಸಾಲಿನಲ್ಲಿ ‘ತಬರನ ಕಥೆ’ಗೆ ಚಾರುಹಾಸನ್, 2014ರ ಸಾಲಿನಲ್ಲಿ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಸಂಚಾರಿ ವಿಜಯ್, 2022ರ ಸಾಲಿನಲ್ಲಿ ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ. ಈ ನಾಲ್ವರಲ್ಲಿ ಯಾರೂ ನಟನೆಯ ಡಿಪ್ಲೊಮಾ ಹಿಡಿದು ಬಂದವರಲ್ಲ. ವಾಸುದೇವರಾವ್ ರಂಗಭೂಮಿಯಲ್ಲಿ ಪಳಗಿದವರು, ಚಾರುಹಾಸನ್ ವಕೀಲರು. ವಿಜಯ್ ಎಂಜಿನಿಯರಿಂಗ್ ಓದಿ ಹವ್ಯಾಸಿ ರಂಗತಂಡ ಸೇರಿದವರು, ರಿಷಬ್ ಯಕ್ಷಗಾನದ ಒಡನಾಟದಲ್ಲಿ ಬೆಳೆದು ಆಮೇಲೆ ಚಿತ್ರನಿರ್ದೇಶನ ಕಲಿತವರು.

ಹಾಗೆಂದು ಶಾಲೆಯನ್ನು ತಳ್ಳಿಹಾಕುವಂತೆಯೂ ಇಲ್ಲ. ಇಂದು ಕನ್ನಡ ತೆರೆಯ ಮೇಲೆ ಯಾವ ಪಾತ್ರ ಕೊಟ್ಟರೂ ನಂಬಿಸಬಲ್ಲ ಅಚ್ಯುತ್ ಕುಮಾರ್ ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತವರು. ‘ಲೂಸಿಯಾ’ದ ಸತೀಶ್ ತಮ್ಮ ಹೆಸರಿನ ಜೊತೆಗೇ ನೀನಾಸಮ್ ಹೆಸರನ್ನು ಸೇರಿಸಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ಗಾಯಕವಾಡ್ ಮದರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ್ದರಿಂದಲೇ ಕೆ. ಬಾಲಚಂದರ್ ಕಣ್ಣಿಗೆ ಬಿದ್ದರು, 1975ರ ‘ಅಪೂರ್ವ ರಾಗಂಗಳ್’ ಚಿತ್ರದಲ್ಲಿ ರಜನಿಕಾಂತ್ ಆದರು.

ಹಾಗಾದರೆ ನಟನಾಗಲು, ನಟಿಯಾಗಲು ಶಾಲೆ ಬೇಕೆ, ಬೇಡವೆ? ಪಿಯುಸಿ ಅಥವಾ ಡಿಗ್ರಿ ಮುಗಿಸಿದ ಸಾವಿರಾರು ಯುವಕ ಯುವತಿಯರು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿ, ಈ ಪ್ರಶ್ನೆಯ ಮುಂದೆ ನಿಂತಿದ್ದಾರೆ. ನನ್ನ ಉತ್ತರ ಇಷ್ಟು: ಕಲಿಕೆ ಎಲ್ಲರಿಗೂ ಬೇಕು, ಶಾಲೆ ಆ ಕಲಿಕೆಯ ಒಂದು ದಾರಿ. ಒಳ್ಳೆಯ ಶಾಲೆ ಒಳ್ಳೆಯ ನಟರನ್ನು ರೂಪಿಸಬಲ್ಲದು, ಆದರೆ ಅವಕಾಶ ಕೊಡಿಸುವುದು ಅದರ ಕೈಯಲ್ಲಿಲ್ಲ. ಈ ಎರಡನ್ನು ಬೇರೆ ಮಾಡಿ ನೋಡಿದವರು ಶಾಲೆಯಿಂದ ಲಾಭ ಪಡೆಯುತ್ತಾರೆ. ಬೆರೆಸಿ ನೋಡಿದವರು ಹಣವನ್ನೂ ವರ್ಷಗಳನ್ನೂ ಕಳೆದುಕೊಳ್ಳುತ್ತಾರೆ.

ಶಾಲೆ ಏನು ಕಲಿಸುತ್ತದೆ?

ಅಭಿನಯವನ್ನು ನಮ್ಮ ಶಾಸ್ತ್ರ ನಾಲ್ಕಾಗಿ ವಿಂಗಡಿಸಿದೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಯಾವುದೇ ನಟನಾ ಶಾಲೆಯ ಪಠ್ಯವನ್ನು ಅಳೆಯಲು ಇಂದಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಆಂಗಿಕ ಎಂದರೆ ದೇಹ. ಮುಂಜಾನೆಯ ವ್ಯಾಯಾಮ, ಯೋಗ, ಕಳರಿ, ಯಕ್ಷಗಾನದ ಹೆಜ್ಜೆ ಇವೆಲ್ಲ ದೇಹವನ್ನು ಹೇಳಿದ ಮಾತು ಕೇಳುವಂತೆ ಮಾಡಲು ಇವೆ. ಹೊಸಬರು ವೇದಿಕೆಗೆ ಬಂದ ಕೂಡಲೇ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಸುಮ್ಮನೆ ನಿಲ್ಲುವುದಕ್ಕೇ ತಿಂಗಳುಗಟ್ಟಲೆ ಅಭ್ಯಾಸ ಬೇಕು.

ವಾಚಿಕದಲ್ಲಿ ಕನ್ನಡದ ನಟರಿಗೆ ವಿಶೇಷವಾದ ಕೆಲಸವಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬಂದನೋ ಬರಲಿಲ್ಲವೋ, ಕೊಟ್ಟಳೋ ಕೊಡಲೊಲ್ಲೆ ಎಂದಳೋ ತಿಳಿಯುವುದು ಕಟ್ಟಕಡೆಯ ಪದದಲ್ಲಿ. ಉಸಿರು ಸಾಲದೆ ವಾಕ್ಯದ ಕೊನೆಯನ್ನು ನುಂಗಿದರೆ ಇಡೀ ಮಾತಿನ ಅರ್ಥವೇ ಹೋಯಿತು. ಉಸಿರಿನ ಅಭ್ಯಾಸ, ಅ-ಹ ಮತ್ತು ಲ-ಳಗಳ ಸ್ಪಷ್ಟತೆ, ಮಹಾಪ್ರಾಣ, ಹಳಗನ್ನಡ ಮತ್ತು ವಚನದ ಓದು, ಇವುಗಳಿಗೆ ಒಳ್ಳೆಯ ಶಾಲೆಗಳು ದಿನವೂ ಸಮಯ ಕೊಡುತ್ತವೆ. ಜೊತೆಗೆ ಧಾರವಾಡ, ಮಂಡ್ಯ, ಕುಂದಾಪುರ, ಕಲಬುರಗಿಯಿಂದ ಬಂದವರು ಒಂದೇ ಹಾಸ್ಟೆಲಿನಲ್ಲಿ ಇರುವುದರಿಂದ ಒಬ್ಬರ ಮಾತಿನ ಧಾಟಿ ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಪಾತ್ರಕ್ಕೆ ತಕ್ಕ ಕನ್ನಡ ಆಡಬಲ್ಲವರಿಗೆ ಇಂದು ಸಿನಿಮಾದಲ್ಲೂ ಧಾರಾವಾಹಿಯಲ್ಲೂ ಬೇಡಿಕೆಯಿದೆ.

ಆಹಾರ್ಯ ಎಂದರೆ ವೇಷ, ಪ್ರಸಾಧನ, ಪರಿಕರ. ತನ್ನ ಮೇಕಪ್ ತಾನೇ ಮಾಡಿಕೊಳ್ಳಬಲ್ಲ, ಬೆಳಕು ಎಲ್ಲಿ ಬೀಳುತ್ತದೆಂದು ತಿಳಿದ ನಟನಿಗೆ ಯಾವ ತಂಡದಲ್ಲೂ ಗೌರವ ಹೆಚ್ಚು. ಸಾತ್ವಿಕವನ್ನು ಯಾರೂ ಬೋರ್ಡಿನ ಮೇಲೆ ಬರೆದು ಕಲಿಸಲಾರರು. ಆದರೆ ಎದುರಿಗಿರುವ ನಟನ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವುದು, ಪಾತ್ರ ಏನನ್ನು ಬಯಸುತ್ತಿದೆ ಎಂದು ನಾಟಕದ ಪಠ್ಯದಲ್ಲಿ ಹುಡುಕುವುದು, ತಾಲೀಮಿನಲ್ಲಿ ನಾಚಿಕೆ ಬಿಟ್ಟು ಸೋಲುವುದು, ಇವು ಬಂದರೆ ಅದಕ್ಕೆ ಬಾಗಿಲು ತೆರೆಯುತ್ತದೆ. ತಪ್ಪಿದರೆ ಹೊರಹಾಕುವವರಿಲ್ಲದ, ಮತ್ತೆ ಮಾಡೆಂದು ಹೇಳುವ ಗುರುಗಳಿರುವ ಒಂದು ವರ್ಷ: ಶಾಲೆಯಿಂದ ಸಿಗುವ ಅತಿ ದೊಡ್ಡ ಸಂಪತ್ತು ಇದೇ. ಶೂಟಿಂಗ್ ಸೆಟ್ಟಿನಲ್ಲಿ ಇಂಥ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಶಾಲೆ ಕೊಡಲಾರದ್ದು

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಅಂದರೆ ಎನ್‌ಎಸ್‌ಡಿ, 1959ರಲ್ಲಿ ಆರಂಭವಾಯಿತು. ಮೂರು ವರ್ಷದ ಕೋರ್ಸಿಗೆ ಇಡೀ ದೇಶದಿಂದ ಬೆರಳೆಣಿಕೆಯ ವಿದ್ಯಾರ್ಥಿಗಳನ್ನಷ್ಟೇ ಆರಿಸುವ ಶಾಲೆ ಅದು. ಅಲ್ಲಿಂದ ಹೊರಬಂದವರ ಕಥೆ ನೋಡಿ. ಇರ್ಫಾನ್ ಖಾನ್ 1980ರ ದಶಕದಲ್ಲಿ ಕಲಿತವರು. 1988ರ ‘ಸಲಾಂ ಬಾಂಬೆ’ಯಲ್ಲಿ ಅವರಿಗೆ ಉಳಿದದ್ದು ಪತ್ರ ಬರೆದುಕೊಡುವವನ ಪುಟ್ಟ ಪಾತ್ರ. ಅನಂತರ ವರ್ಷಾನುವರ್ಷ ಟಿ.ವಿ. ಧಾರಾವಾಹಿಗಳಲ್ಲಿ ದುಡಿದರು. ‘ದಿ ವಾರಿಯರ್’, ‘ಹಾಸಿಲ್’, ‘ಮಕ್ಬೂಲ್’ ಬಂದು ಜನ ಅವರನ್ನು ಗುರುತಿಸಿದ್ದು 2001ರಿಂದ ಈಚೆಗೆ. ನವಾಜುದ್ದೀನ್ ಸಿದ್ದಿಕಿ 1999ರ ‘ಸರ್ಫರೋಶ್’ನಲ್ಲಿ ಒಂದು ದೃಶ್ಯದಲ್ಲಿ ಬಂದು ಹೋದರು. ಅವರಿಗೂ ಪಂಕಜ್ ತ್ರಿಪಾಠಿಗೂ ದೊಡ್ಡ ಹೆಸರು ತಂದ ‘ಗ್ಯಾಂಗ್ಸ್ ಆಫ್ ವಾಸೇಪುರ್’ ತೆರೆಕಂಡಿದ್ದು 2012ರಲ್ಲಿ. ಇಬ್ಬರೂ ಎನ್‌ಎಸ್‌ಡಿಯಲ್ಲಿ ಕಲಿತವರೇ.

ದೇಶದ ಅತ್ಯುತ್ತಮ ನಾಟಕ ಶಾಲೆಯಲ್ಲಿ ಕಲಿತವರೂ ಎಂಟು, ಹತ್ತು, ಹದಿನೈದು ವರ್ಷ ಕಾಯಬೇಕಾಯಿತು ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ದಿನವೇ ತಿಳಿದಿರಬೇಕು. ಆದರೆ ಇದೇ ಕಥೆಗೆ ಇನ್ನೊಂದು ಮುಖವೂ ಇದೆ. ಅವಕಾಶ ಬಂದ ದಿನ ಅವರು ಸಿದ್ಧರಾಗಿದ್ದರು. ಅಷ್ಟು ವರ್ಷ ಕಾದರೂ ಅವರ ಕಸುಬಿಗೆ ತುಕ್ಕು ಹಿಡಿದಿರಲಿಲ್ಲ. ಕಲಿಕೆ ಕಾಯುವಿಕೆಯನ್ನು ತಪ್ಪಿಸುವುದಿಲ್ಲ, ಕಾಯುವವರನ್ನು ಗಟ್ಟಿಯಾಗಿಡುತ್ತದೆ.

ಕನ್ನಡದಲ್ಲಿ ಕಲಿಯಲು ಎಲ್ಲಿಗೆ ಹೋಗಬೇಕು?

ಈ ವಿಚಾರದಲ್ಲಿ ಕನ್ನಡಿಗರು ಅದೃಷ್ಟವಂತರು. ತಾಯ್ನುಡಿಯಲ್ಲಿ, ಕಡಿಮೆ ಖರ್ಚಿನಲ್ಲಿ, ಹಗಲು ರಾತ್ರಿ ರಂಗದಲ್ಲೇ ಮುಳುಗಿ ಕಲಿಯುವ ಜಾಗಗಳು ನಮ್ಮಲ್ಲಿವೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ವಿದ್ಯಾರ್ಥಿಗಳು ಅಲ್ಲೇ ಉಳಿದು ನಟನೆ, ರಂಗಸಜ್ಜಿಕೆ, ಬೆಳಕು, ಪ್ರಸಾಧನ, ನಾಟಕ ಸಾಹಿತ್ಯ ಎಲ್ಲವನ್ನೂ ಕಲಿಯುತ್ತಾರೆ. 1985ರಲ್ಲಿ ಆರಂಭವಾದ ‘ತಿರುಗಾಟ’ ಈ ಕಲಿಕೆಯ ಮುಂದಿನ ಮೆಟ್ಟಿಲು. ಒಂದೇ ನಾಟಕವನ್ನು ಊರಿಂದೂರಿಗೆ ಹೊತ್ತು ಹತ್ತಾರು ಬಾರಿ ಆಡಿದಾಗ ನಟನಿಗೆ ಬರುವ ಪಾಕ ಯಾವ ತರಗತಿಯಲ್ಲೂ ಬರುವುದಿಲ್ಲ. ಪ್ರೇಕ್ಷಕರು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಎಂಬುದು ದಿನವೂ ಕಣ್ಣೆದುರೇ ತಿಳಿಯುತ್ತದೆ.

ಮೈಸೂರಿನ ರಂಗಾಯಣವನ್ನು 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದರು. ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ಈಗ ರಂಗಾಯಣಗಳಿವೆ. ಮೈಸೂರಿನ ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಶಿವಕುಮಾರ ರಂಗಪ್ರಯೋಗ ಶಾಲೆಯಿದೆ, ಊರೂರು ಸುತ್ತುವ ಶಿವಸಂಚಾರ ತಂಡವೂ ಇದೆ. ಎನ್‌ಎಸ್‌ಡಿಯ ಬೆಂಗಳೂರು ಕೇಂದ್ರ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಒಂದು ವರ್ಷದ ಕೋರ್ಸ್ ನಡೆಸುತ್ತದೆ. ದೆಹಲಿಯ ಮೂರು ವರ್ಷದ ಕೋರ್ಸಿಗೆ ಪದವಿಯ ಜೊತೆಗೆ ನಾಟಕಗಳಲ್ಲಿ ಪಾಲ್ಗೊಂಡ ಅನುಭವವನ್ನೂ ಕೇಳುತ್ತಾರೆ. ಹಾಗಾಗಿ ಅದನ್ನು ಮೊದಲ ಮೆಟ್ಟಿಲೆಂದು ಭಾವಿಸಬೇಡಿ. ಕ್ಯಾಮೆರಾ ಮುಂದಿನ ಅಭಿನಯವನ್ನೇ ಗುರಿಯಾಗಿಟ್ಟುಕೊಂಡವರಿಗೆ ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ, ಅಂದರೆ ಎಫ್‌ಟಿಐಐನಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಸೇರುವ ನಟನೆಯ ಕೋರ್ಸ್ ಇದೆ. ಶುಲ್ಕ, ವಯೋಮಿತಿ, ಅರ್ಜಿಯ ಕೊನೆಯ ದಿನಾಂಕಗಳು ವರ್ಷ ವರ್ಷ ಬದಲಾಗುತ್ತವೆ. ಸಂಸ್ಥೆಯ ಪ್ರಕಟಣೆಯನ್ನೇ ನೋಡಿ ಖಚಿತಪಡಿಸಿಕೊಳ್ಳಿ, ಮಧ್ಯವರ್ತಿಗಳ ಮಾತನ್ನು ನಂಬಬೇಡಿ.

ಶಾಲೆಗೆ ಹೋಗಲಾಗದವರಿಗೆ

ಎಲ್ಲರಿಗೂ ಒಂದು ವರ್ಷ ಮನೆ ಬಿಟ್ಟು ಇರಲು ಆಗುವುದಿಲ್ಲ. ಸಂಸಾರದ ಭಾರ ಹೊತ್ತವರು, ಕೆಲಸ ಬಿಡಲಾಗದವರು ಇರುತ್ತಾರೆ. ಅಂಥವರಿಗೆ ರಂಗತಂಡಗಳೇ ಶಾಲೆ. ರಾಜ್‌ಕುಮಾರ್ ಕಲಿತದ್ದು ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳಲ್ಲಿ. 1954ರ ‘ಬೇಡರ ಕಣ್ಣಪ್ಪ’ಕ್ಕೆ ಬರುವ ಹೊತ್ತಿಗೆ ಹಾಡು, ಮಾತು, ಹಾವಭಾವ ಎಲ್ಲವೂ ರಂಗದ ಮೇಲೆ ಹದವಾಗಿದ್ದವು. ‘ಒಡಲಾಳ’ ನಾಟಕದ ಸಾಕವ್ವನಾಗಿ ಮೆಚ್ಚುಗೆ ಪಡೆದ ಉಮಾಶ್ರೀ ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ಯಶ್ ಬೆನಕ ತಂಡದಲ್ಲಿ ತೆರೆಮರೆಯ ಕೆಲಸ ಮಾಡುತ್ತ ಆರಂಭಿಸಿ, ಧಾರಾವಾಹಿಗಳನ್ನು ದಾಟಿ 2008ರ ‘ಮೊಗ್ಗಿನ ಮನಸು’ ತಲುಪಿದರು.

ಬೆಂಗಳೂರಿನಲ್ಲಿ ಬೆನಕ, ಸಮುದಾಯ, ಸಂಚಾರಿ, ಮೈಸೂರಿನಲ್ಲಿ ಮಂಡ್ಯ ರಮೇಶ್ ಅವರ ನಟನ, ಹೀಗೆ ಸಂಜೆ ಹೊತ್ತು ತಾಲೀಮು ನಡೆಸುವ ತಂಡಗಳು ಹಲವು ಊರುಗಳಲ್ಲಿವೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ, ರಂಗಶಂಕರ, ಕೆ.ಎಚ್. ಕಲಾಸೌಧಗಳಲ್ಲಿ ನಾಟಕ ನೋಡಿ, ಮುಗಿದ ಮೇಲೆ ತಂಡದವರನ್ನು ಮಾತಾಡಿಸಿ. ಮೊದಲ ದಿನವೇ ಪಾತ್ರ ಕೇಳಬೇಡಿ. ಪರದೆ ಎಳೆಯುವುದು, ಪರಿಕರ ಜೋಡಿಸುವುದು, ಟಿಕೆಟ್ ಹರಿಯುವುದು, ಗುಂಪಿನಲ್ಲಿ ನಿಲ್ಲುವುದು, ಏನು ಸಿಕ್ಕರೂ ಮಾಡಿ. ಕರಾವಳಿಯವರಿಗೆ ಯಕ್ಷಗಾನ ಕೇಂದ್ರಗಳಿವೆ, ಬಯಲುಸೀಮೆಯವರಿಗೆ ದೊಡ್ಡಾಟ ಸಣ್ಣಾಟಗಳಿವೆ. ಇವೂ ಅಭಿನಯದ ಶಾಲೆಗಳೇ.

ರಂಗಾಯಣ ಕಟ್ಟಿದ ಬಿ.ವಿ. ಕಾರಂತರ ಬದುಕನ್ನೇ ನೋಡಿ. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು ಮುಂದೆ ಎನ್‌ಎಸ್‌ಡಿಯಲ್ಲಿ ಕಲಿತರು, ಆಮೇಲೆ ಅದೇ ಶಾಲೆಯ ನಿರ್ದೇಶಕರೂ ಆದರು. ಕಂಪನಿಯ ಪಾಠ, ಶಾಲೆಯ ಪಾಠ ಎರಡೂ ಒಬ್ಬ ಮನುಷ್ಯನಲ್ಲಿ ಕೂಡಿದಾಗ ಏನಾಗಬಲ್ಲದು ಎಂಬುದಕ್ಕೆ ಕನ್ನಡ ರಂಗಭೂಮಿಯೇ ಸಾಕ್ಷಿ.

ರಂಗದಿಂದ ಕ್ಯಾಮೆರಾ ಮುಂದೆ

ರಂಗದಲ್ಲಿ ಕಲಿತವರು ಸೆಟ್ಟಿಗೆ ಬಂದ ಕೂಡಲೇ ಗೆಲ್ಲುತ್ತಾರೆಂದೇನೂ ಇಲ್ಲ. ರಂಗದಲ್ಲಿ ಪಾತ್ರ ಮೊದಲಿನಿಂದ ಕೊನೆಯವರೆಗೆ ಬೆಳೆಯುತ್ತದೆ. ಸಿನಿಮಾದಲ್ಲಿ ಮೊದಲ ದಿನವೇ ಕ್ಲೈಮ್ಯಾಕ್ಸ್ ಚಿತ್ರೀಕರಣ ಇರಬಹುದು. ಹಿಂದಿನ ಶಾಟ್‌ನಲ್ಲಿ ಲೋಟ ಯಾವ ಕೈಯಲ್ಲಿತ್ತು, ಯಾವ ಮಾತಿಗೆ ತಿರುಗಿದ್ದೆ ಎಂಬ ಕಂಟಿನ್ಯುಟಿ ನೆನಪಿರಬೇಕು. ನೆಲದ ಮೇಲಿನ ಗುರುತನ್ನು ನೋಡದೆಯೇ ಅದರ ಮೇಲೆ ಬಂದು ನಿಲ್ಲಬೇಕು. ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟಿಸುತ್ತಿದ್ದ ಭಾವವನ್ನು ಕ್ಲೋಸಪ್ಪಿನಲ್ಲಿ ಕಣ್ಣಿಗಷ್ಟೇ ಇಳಿಸಬೇಕು. ತಿಂಗಳುಗಳ ನಂತರ ಕತ್ತಲ ಕೋಣೆಯಲ್ಲಿ ನಿಂತು ಅದೇ ಭಾವವನ್ನು ತುಟಿಚಲನೆಗೆ ಹೊಂದಿಸಿ ಡಬ್ಬಿಂಗ್ ಮಾಡಬೇಕು.

ಧಾರಾವಾಹಿಯ ವೇಗವೇ ಬೇರೆ. ದಿನಕ್ಕೆ ಹಲವು ದೃಶ್ಯ, ಸಂಭಾಷಣೆ ಕೈಗೆ ಸಿಗುವುದು ಅಂದೇ. ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಮಾಡುವವರಿರುತ್ತಾರೆ. ಅದಕ್ಕೆ ಒಗ್ಗಿಹೋದವರ ಕಣ್ಣಿನಲ್ಲಿ ಮುಂದಿನ ಮಾತಿಗಾಗಿ ಕಾಯುವ ಖಾಲಿತನ ಕಾಣತೊಡಗುತ್ತದೆ. ಬೇಗ ಬಾಯಿಪಾಠ ಮಾಡುವ ಅಭ್ಯಾಸವನ್ನು ಶಾಲೆಯ ದಿನಗಳಲ್ಲೇ ಬೆಳೆಸಿಕೊಳ್ಳಿ. ಕ್ಯಾಮೆರಾ ಕಲಿಕೆಗೆಂದೇ ನಡೆಯುವ ಅಲ್ಪಾವಧಿ ಕಾರ್ಯಾಗಾರಗಳು ರಂಗಾನುಭವ ಇರುವವರಿಗೆ ನಿಜವಾಗಿ ಉಪಯುಕ್ತ. ಯಾವ ಅನುಭವವೂ ಇಲ್ಲದವರಿಗೆ ಅವೇ ಪೂರ್ಣ ಶಿಕ್ಷಣವಾಗಲಾರವು.

ಹಣ ಕಟ್ಟುವ ಮುನ್ನ ಕೇಳಿ

ಬೆಂಗಳೂರಿನಲ್ಲಿ ಖಾಸಗಿ ನಟನಾ ಶಾಲೆಗಳು ಬೇಕಾದಷ್ಟಿವೆ. ಮನಸ್ಸಿಟ್ಟು ಕಲಿಸುವವರೂ ಇದ್ದಾರೆ, ಕನಸನ್ನೇ ಮಾರುವವರೂ ಇದ್ದಾರೆ. ಸೇರುವ ಮುನ್ನ ಈ ಪ್ರಶ್ನೆಗಳಿಗೆ ಉತ್ತರ ಪಡೆಯಿರಿ.

• ದಿನವೂ ಪಾಠ ಮಾಡುವವರು ಯಾರು? ಜಾಹೀರಾತಿನಲ್ಲಿರುವ ಪ್ರಸಿದ್ಧ ನಟರು ವರ್ಷಕ್ಕೆ ಎಷ್ಟು ತರಗತಿ ತೆಗೆದುಕೊಳ್ಳುತ್ತಾರೆ?

• ಒಂದು ತಂಡದಲ್ಲಿ ಎಷ್ಟು ಜನ? ನಟನೆ ತಿದ್ದಿ ಕಲಿಸುವ ವಿದ್ಯೆ. ಗುಂಪು ದೊಡ್ಡದಾದಷ್ಟೂ ನಿಮ್ಮನ್ನು ತಿದ್ದುವ ಸಮಯ ಕಡಿಮೆ.

• ದೇಹ, ಧ್ವನಿ, ಪಠ್ಯ, ಪಾತ್ರ ನಾಲ್ಕಕ್ಕೂ ವೇಳಾಪಟ್ಟಿಯಲ್ಲಿ ಜಾಗವಿದೆಯೇ? ಬರೀ ಡಾನ್ಸ್, ಫೈಟ್, ಫೋಟೊಶೂಟ್ ಇದ್ದರೆ ಅದು ನಟನಾ ಶಾಲೆಯಲ್ಲ.

• ಕೋರ್ಸಿನ ಒಳಗೆ ಪ್ರೇಕ್ಷಕರ ಮುಂದೆ ಎಷ್ಟು ಪ್ರದರ್ಶನ ಕೊಡುತ್ತೇವೆ?

• ಹಿಂದಿನ ವರ್ಷ ಕಲಿತವರನ್ನು ನಾವೇ ಭೇಟಿ ಮಾಡಬಹುದೇ? ಹೆಸರಾದ ಒಬ್ಬಿಬ್ಬರನ್ನು ಬಿಟ್ಟು ಉಳಿದವರು ಏನು ಮಾಡುತ್ತಿದ್ದಾರೆ?

• ಒಂದು ದಿನ ತರಗತಿಯಲ್ಲಿ ಕೂತು ನೋಡಲು ಬಿಡುತ್ತೀರಾ?

• ಮಧ್ಯದಲ್ಲಿ ಬಿಟ್ಟರೆ ಹಣ ವಾಪಸಿನ ನಿಯಮವೇನು? ಬರಹದಲ್ಲಿ ಕೊಡುತ್ತೀರಾ?

ಈ ಪ್ರಶ್ನೆಗಳಿಗೆ ಸಿಡುಕುವ ಸಂಸ್ಥೆಯಿಂದ ದೂರವಿರಿ. ‘ಕೋರ್ಸ್ ಮುಗಿದ ಕೂಡಲೇ ಸಿನಿಮಾದಲ್ಲಿ ಚಾನ್ಸ್ ಗ್ಯಾರಂಟಿ’ ಎಂಬ ಮಾತು ಕೇಳಿದರಂತೂ ಎದ್ದು ಬನ್ನಿ. ಪಾತ್ರಕ್ಕೆ ಯಾರು ಬೇಕೆಂದು ನಿರ್ಧರಿಸುವವರು ನಿರ್ದೇಶಕರು. ಅವರ ಪರವಾಗಿ ಮಾತು ಕೊಡುವ ಅಧಿಕಾರ ಯಾವ ಶಾಲೆಗೂ ಇಲ್ಲ.

ಮೋಸದ ಬಗ್ಗೆ ಎಚ್ಚರ

ಕೆಲಸ ಮಾಡಿದವರಿಗೆ ಸಂಭಾವನೆ ಕೊಡಬೇಕು, ಕೆಲಸ ಕೊಡಲು ಹಣ ಕೇಳಬಾರದು. ಆಡಿಷನ್ ಫೀಸು, ರಿಜಿಸ್ಟ್ರೇಷನ್ ಫೀಸು, ಇಂಥ ಫೋಟೊಗ್ರಾಫರ್ ಹತ್ತಿರವೇ ಪೋರ್ಟ್‌ಫೋಲಿಯೊ ಮಾಡಿಸಬೇಕೆಂಬ ಒತ್ತಾಯ, ಪಾತ್ರಕ್ಕಾಗಿ ‘ಇನ್ವೆಸ್ಟ್’ ಮಾಡಿ ಎಂಬ ಮಾತು ಇವೆಲ್ಲ ಅಪಾಯದ ಸೂಚನೆಗಳು. ಸಿನಿಮಾದ ಹೆಸರು, ನಿರ್ಮಾಪಕರ ಹೆಸರು ಕೇಳಿ. ಶೀರ್ಷಿಕೆ ನೋಂದಣಿಯಾಗಿದೆಯೇ ಎಂದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ವಿಚಾರಿಸಿ. ಆಡಿಷನ್ ಎಂದು ಹೋಟೆಲ್ ರೂಮಿಗೋ ಹೊತ್ತಲ್ಲದ ಹೊತ್ತಿಗೋ ಕರೆದರೆ ಹೋಗಬೇಡಿ. ಆನ್‌ಲೈನಿನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.

ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆಯಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದಿಲ್ಲದ ಕಡೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಶಾಲೆ ಸೇರುವಾಗ ಸಮಿತಿಯ ಬಗ್ಗೆ ನೇರವಾಗಿ ಕೇಳಿ. ಕೇಳಲು ಹೆಣ್ಣುಮಕ್ಕಳು ಸಂಕೋಚಪಡಬೇಕಾಗಿಲ್ಲ, ಜೊತೆಯಲ್ಲಿ ಹೋದ ಅಪ್ಪ ಅಮ್ಮನೂ ಕೇಳಲಿ.

ಕೋರ್ಸ್ ಮುಗಿದ ಮೇಲೆ

ಪ್ರಮಾಣಪತ್ರ ಕೈಗೆ ಬಂದ ಮರುದಿನದಿಂದಲೇ ನಿಜವಾದ ಪರೀಕ್ಷೆ ಶುರು. ಶಾಲೆಯ ಸ್ನೇಹಿತರ ಬಳಗವನ್ನು ಬಿಡಬೇಡಿ. ನಿಮ್ಮ ಜೊತೆ ಕಲಿತವರೇ ನಾಳೆ ನಿರ್ದೇಶಕರು, ಸಂಭಾಷಣೆಕಾರರು, ಕಾಸ್ಟಿಂಗ್ ಮಾಡುವವರು ಆಗುತ್ತಾರೆ, ಅವರಿಗೆ ನಿಮ್ಮ ಶಕ್ತಿ ಗೊತ್ತಿರುತ್ತದೆ. ಸರಳವಾದ ನಾಲ್ಕಾರು ಫೋಟೊ, ಬೇರೆ ಬೇರೆ ಭಾವದ ಎರಡು ಮೂರು ಚಿಕ್ಕ ವಿಡಿಯೊ ಸದಾ ಸಿದ್ಧವಿರಲಿ. ಮೊಬೈಲಿನಲ್ಲಿ, ಕಿಟಕಿಯ ಬೆಳಕಿನಲ್ಲಿ, ಧ್ವನಿ ಸ್ಪಷ್ಟವಾಗಿ ಕೇಳುವಂತೆ ಚಿತ್ರಿಸಿದರೆ ಸಾಕು. ಸಿನಿಮಾ ವಿದ್ಯಾರ್ಥಿಗಳ ಕಿರುಚಿತ್ರಗಳಲ್ಲಿ ನಟಿಸಿ. ವರ್ಷಕ್ಕೆ ಕನಿಷ್ಠ ಒಂದು ನಾಟಕದಲ್ಲಿ ಇರಿ, ಇಲ್ಲದಿದ್ದರೆ ಕಲಿತದ್ದು ಮರೆಯುತ್ತದೆ.

ಹೊಟ್ಟೆಪಾಡಿನ ದಾರಿಯೊಂದನ್ನು ಜೊತೆಗಿಟ್ಟುಕೊಳ್ಳಿ. ರಂಗಶಿಕ್ಷಣ ಪಡೆದವರು ಶಾಲೆಗಳಲ್ಲಿ ನಾಟಕ ಶಿಕ್ಷಕರಾಗಿದ್ದಾರೆ, ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾರೆ, ಡಬ್ಬಿಂಗ್ ಮಾಡುತ್ತಾರೆ, ಬೆಳಕು, ಪ್ರಸಾಧನ, ವಸ್ತ್ರವಿನ್ಯಾಸದಲ್ಲಿ ದುಡಿಯುತ್ತಾರೆ. ಬಾಡಿಗೆಯ ಚಿಂತೆಯಿಲ್ಲದ ನಟ ಕೆಟ್ಟ ಪಾತ್ರವನ್ನು ಬೇಡವೆನ್ನಬಲ್ಲ, ಒಳ್ಳೆಯದಕ್ಕೆ ಕಾಯಬಲ್ಲ. ಓದು ಅರ್ಧಕ್ಕೆ ನಿಂತಿದ್ದರೆ ಮೊದಲು ಮುಗಿಸಿ. ಪದವಿ ನಟನೆಗೆ ಅಡ್ಡಿಯಲ್ಲ, ಕೆಲವು ಶಾಲೆಗಳಿಗೆ ಅದೇ ಅರ್ಹತೆ.

ತಂದೆತಾಯಿಗೆ ಒಂದು ಮಾತು. ಮಕ್ಕಳು ನಟನೆ ಎಂದ ಕೂಡಲೇ ಬೈದು ಬಾಯಿ ಮುಚ್ಚಿಸಬೇಡಿ, ಸಾಲ ಮಾಡಿ ಲಕ್ಷಗಟ್ಟಲೆ ಸುರಿಯಲೂ ಹೋಗಬೇಡಿ. ಊರಿನ ಅಥವಾ ಹತ್ತಿರದ ಪಟ್ಟಣದ ರಂಗತಂಡದಲ್ಲಿ ಆರು ತಿಂಗಳು ದುಡಿಯಲು ಬಿಡಿ. ಚಪ್ಪಾಳೆಯಿಲ್ಲದ ತಾಲೀಮು, ಸಣ್ಣ ಪಾತ್ರ, ತಡರಾತ್ರಿಯ ಬಸ್ಸು ಇವನ್ನೆಲ್ಲ ಕಂಡ ಮೇಲೂ ಆಸೆ ಉಳಿದರೆ, ನೀನಾಸಮ್ಮೋ ರಂಗಾಯಣವೋ ಎನ್‌ಎಸ್‌ಡಿಯೋ, ಪೂರ್ಣಾವಧಿ ಕಲಿಸುವ ಒಂದು ಶಾಲೆಗೆ ಅರ್ಜಿ ಹಾಕಿಸಿ. ಹೆಸರು, ಹಣ ಬರುವುದು ಬಿಡುವುದು ಯಾರ ಕೈಯಲ್ಲೂ ಇಲ್ಲ. ಕಸುಬನ್ನು ಚೆನ್ನಾಗಿ ಕಲಿಯುವುದು ಮಾತ್ರ ನಿಮ್ಮ ಮಕ್ಕಳ ಕೈಯಲ್ಲಿದೆ, ಅದಕ್ಕೆ ಬೇಕಾದ ಸಮಯವನ್ನು ಅವರಿಗೆ ಕೊಡಿ.